ಐದು ದಿನದ ದಾರಿಗೆ ಮೂರು ಹೆಸರು

ಮನೆ, ಊಟದ ಮೇಜು
ಜನವರಿ ೨೦, ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತದಂತೆ. ಜೂನ್ ಒಳಗೆ ಆಪರೇಷನ್ ಆಗಲೇಬೇಕಂತೆ. ಆಮೇಲೆ ಬೆಟ್ಟ ಗುಡ್ಡದ ಮಾತೇ ಎತ್ತಬೇಡಿ, ಮೈದಾನದಲ್ಲಿ ಮಕ್ಕಳನ್ನು ಓಡಿಸಿ, ನೀವು ಕುರ್ಚಿಯಲ್ಲಿ ಕೂತು ಸೀಟಿ ಊದಿ ಅಂದರಂತೆ ಡಾಕ್ಟರು. ಇಷ್ಟೂ ಸುದ್ದಿ ನನಗೆ ತಲುಪಿದ್ದು ಇವರ ಬಾಯಿಂದ. ಒಡಹುಟ್ಟಿದ ಅಕ್ಕನ ಮಂಡಿಯ ಸಮಾಚಾರವನ್ನು ಗಂಡ ಬಂದು ತಿಳಿಸುವ ಕಾಲ ಬಂತು ನೋಡು. ಇರಲಿ. ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯಾ? ರಾತ್ರಿ ಮಲಗುವಾಗ ಮಂಡಿಯ ಕೆಳಗೆ ಒಂದು ದಿಂಬು ಇಟ್ಟುಕೋ.

ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ ಅಂದುಕೋ. ಪುಟ್ಟಿಗೆ ಒಂಬತ್ತು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಬಂದಿವೆ, ಮೇಲಿನವು ಬರುವ ಸಂಭ್ರಮದಲ್ಲಿ ಇಡೀ ಮನೆಗೆ ಜಾಗರಣೆ. ಇಡೀ ಮನೆ ಅಂದರೆ ನಾನು. ನಿದ್ದೆ ಈಗ ನನಗೆ ಇಪ್ಪತ್ತು ನಿಮಿಷ, ನಲವತ್ತು ನಿಮಿಷದ ತುಂಡುಗಳಲ್ಲಿ ಸಿಗುತ್ತದೆ. ಅವಳು ಮಲಗಿದರೂ ನಾನು ಮಲಗುವುದಿಲ್ಲ, ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ಬೆರಳು ತಗುಲಿ ಎಚ್ಚರವಾಗುತ್ತದೆ. ಆಗ ಉಸಿರಾಡುತ್ತಿರುವುದು ಓಣಿಯ ಕೊನೆಯವರೆಗೂ ಕೇಳಿಸುತ್ತದೆ. ಮೊನ್ನೆ ಸಕ್ಕರೆ ಡಬ್ಬಿಯನ್ನು ಸ್ನಾನದ ಕೋಣೆಯಲ್ಲಿಟ್ಟು ಶಾಂಪೂ ತಂದು ಒಲೆಯ ಪಕ್ಕ ಇಟ್ಟಿದ್ದೆ. ಇವರು ನಕ್ಕರು. ನಾನೂ ನಕ್ಕೆ, ನಗದಿದ್ದರೆ ಅದಕ್ಕೂ ಒಂದು ಮಾತು ಬರುತ್ತದಲ್ಲ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ವಸತಿಶಾಲೆಯಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ, ಅಲ್ಲಿ ನಿನ್ನ ಹಿಂದೆ ನಾಲ್ಕು ಜನ ಮೇಷ್ಟರು ತಮ್ಮ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಅದೂ ಅಲ್ಲದೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ‘ಆಯ್ತು ಬಿಡೇ’ ಅಂತೀಯ. ಚಿಕ್ಕಂದಿನಿಂದ ನನ್ನ ಎಷ್ಟು ಮಾತುಗಳು ನಿನ್ನ ‘ಆಯ್ತು ಬಿಡೇ’ಯ ಕೆಳಗೆ ಸತ್ತಿವೆಯೋ. ಕಾಗದವಾದರೆ ಪೂರ್ತಿ ಓದಲೇಬೇಕು.

ವಿಷಯಕ್ಕೆ ಬರುತ್ತೇನೆ. ಐದು ದಿನದ ಕಾಡು ನಡಿಗೆಗೆ ರಾಷ್ಟ್ರೀಯ ಪಾರ್ಕಿನವರು ಕೇಳುವ ಒಪ್ಪಿಗೆ ಪತ್ರ ನನ್ನ ಮುಂದೆಯೇ ಇದೆ. ‘ತಂಡದ ನಾಯಕರ ಬದಲಾವಣೆ’ ಅಂತ ಮೇಲೆ ದಪ್ಪಕ್ಷರ. ಹೊರಗೆ ಹೋಗುವವರ ಹೆಸರು: ನನ್ನದು. ಒಳಗೆ ಬರುವವರ ಹೆಸರು: ನನ್ನ ಗಂಡನದು. ನಾನು ಸಹಿ ಮಾಡಬೇಕಾದ ಜಾಗದಲ್ಲಿ ಇವರು ಪೆನ್ಸಿಲಿನಿಂದ ಚಿಕ್ಕದೊಂದು ಕತ್ತರಿ ಗುರುತು ಹಾಕಿಟ್ಟಿದ್ದಾರೆ, ನನಗೆ ಜಾಗ ಹುಡುಕಲು ಕಷ್ಟವಾಗದಿರಲಿ ಅಂತ. ಈ ಶುಕ್ರವಾರ ಸಂಜೆ ಐದರೊಳಗೆ ನಾನೇ ಖುದ್ದಾಗಿ ಕೊಡಬೇಕು, ಯಾಕೆಂದರೆ ಚೀಟಿ ಎತ್ತಿದಾಗ ಬಂದ ಹೆಸರು ನನ್ನದು. ಕೊಟ್ಟರೆ ನೀನು, ಇವರು, ನಿಮ್ಮ ಶಾಲೆಯ ಗಣಿತದ ಮೇಡಂ, ಮೂವರು ಮಾರ್ಚ್ ಕೊನೆಯ ವಾರ ಹೊರಡುತ್ತೀರಿ. ಕೊಡದಿದ್ದರೆ ಯಾರೂ ಹೊರಡುವುದಿಲ್ಲ. ಆರು ವರ್ಷ ಪ್ರತಿ ವರ್ಷ ಅರ್ಜಿ ಹಾಕಿ, ಪ್ರತಿ ವರ್ಷ ‘ಕ್ಷಮಿಸಿ’ ಅನ್ನುವ ಕಾಗದ ತರಿಸಿಕೊಂಡು, ಏಳನೆಯ ವರ್ಷಕ್ಕೆ ಸಿಕ್ಕ, ಪುಟ್ಟಿಗಾಗಿ ಒಂದು ವರ್ಷ ಮುಂದೂಡಿಸಿ ಈ ಅಕ್ಟೋಬರಿಗೆ ಇಟ್ಟುಕೊಂಡಿದ್ದ ಅನುಮತಿ ಇದು. ಅರ್ಜಿ ತುಂಬಿದ್ದು ನಾನು. ‘ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ’ ಅಂದೆ ನೀನು. ಮೊದಲ ಸಾಲಿನಲ್ಲಿ ಬರೆದವರೇ ನಾಯಕರು ಅಂತ ಕೆಳಗೆ ಸಣ್ಣಕ್ಷರದಲ್ಲಿತ್ತು, ಇಬ್ಬರೂ ಓದಿರಲಿಲ್ಲ. ನಿನ್ನ ಹಿಂದೆಯೇ ಹುಟ್ಟಿ, ನಿನ್ನ ಹಿಂದೆಯೇ ಶಾಲೆಗೆ ಹೋಗಿ, ನಿನ್ನ ಹಳೆಯ ಬಟ್ಟೆಗಳಲ್ಲೇ ಬೆಳೆದ ನಾನು ಒಮ್ಮೆಯಾದರೂ ನಿನ್ನ ಮುಂದೆ ನಿಂತದ್ದಿದ್ದರೆ ಆ ಸಾಲಿನಲ್ಲಿ.

ಈ ತಿಂಗಳ ಮೊದಲ ಭಾನುವಾರ ನೀನು ಫೋನ್ ಮಾಡಿದಾಗ ಏನಾಯಿತು ಅಂತ ನಿನಗೆ ನಿನ್ನ ಕಡೆಯದು ಗೊತ್ತು, ನನ್ನ ಕಡೆಯದನ್ನು ಹೇಳುತ್ತೇನೆ. ನಾನು ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದೆ. ಫೋನು ಹೊಡೆದುಕೊಂಡಿತು, ಇವರು ಎತ್ತಿದರು. ನಾನು ಟವೆಲಿನಲ್ಲಿ ಮಗುವನ್ನು ಸುತ್ತಿಕೊಂಡು, ನನ್ನ ಮೈಯೆಲ್ಲ ನೀರು ಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು. ‘ನಿಮ್ಮಕ್ಕ ಮಾಡಿದ್ರು. ಪಾಪ, ಮಂಡಿ ತುಂಬಾ ಕೆಟ್ಟಿದೆಯಂತೆ. ಅಕ್ಟೋಬರ್ ತನಕ ತಡೆಯಲ್ವಂತೆ. ಮಾರ್ಚಲ್ಲೇ ಹೋಗಿಬಿಡೋಣ ಅಂದ್ರು. ಮಾರ್ಚಲ್ಲಿ ನಿನಗೆ ಹೇಗೂ ಆಗಲ್ಲ, ಮೂರು ಜನ ಇರಲೇಬೇಕು, ಅದಕ್ಕೆ ನಾನೇ ಬರ್ತೀನಿ ಅಂದೆ.’ ಇಷ್ಟು. ಹಲ್ಲುಜ್ಜುವಷ್ಟು ಹೊತ್ತಿನ ಮಾತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆದಿರಿ. ಬೆಣ್ಣೆಗೂ ನೋವಾಗಲಿಲ್ಲ, ತೆಗೆದವರ ಕೈಗೂ ಅಂಟಲಿಲ್ಲ.

ನಾನು ‘ಹೌದಾ’ ಅಂದೆ. ಇವರು ‘ಬೇಜಾರಾಯ್ತಾ?’ ಅಂತ ಕೇಳಿದರು. ‘ಇಲ್ಲ’ ಅಂದೆ. ‘ನಿನಗೆ ಮಗು ಇದೆಯಲ್ಲ, ಅದಕ್ಕೇ’ ಅಂತ ಸಮಾಧಾನ ಮಾಡಿದರು. ಅಕ್ಕಾ, ಇವರಿಗೂ ಮಗು ಇದೆ. ಅದೇ ಮಗು.

ಎದ್ದಳು. ಮತ್ತೆ ಬರೆಯುತ್ತೇನೆ.

ಬುಧವಾರ, ಮಧ್ಯಾಹ್ನ

ನಿನ್ನೆ ಬರೆಯಲು ಆಗಲಿಲ್ಲ, ಅತ್ತೆ ಬಂದಿದ್ದರು. ಮಗನ ಹೊಸ ಬೂಟುಗಳನ್ನು ಒತ್ತಿ ನೋಡಿ, ಚೀಲದ ಜೇಬುಗಳನ್ನೆಲ್ಲ ತೆರೆದು ಮುಚ್ಚಿ, ‘ಪಾಪ, ಇವನಿಗೂ ಒಂದು ಬಿಡುವು ಬೇಕಲ್ಲ’ ಅಂದರು. ನನ್ನ ಕೈಯಲ್ಲಿ ಆಗ ಒದ್ದೆ ಬಟ್ಟೆಗಳ ಬಕೆಟ್ ಇತ್ತು. ಆ ಐದು ದಿನ ನೀವು ಬಂದು ನನ್ನ ಜೊತೆ ಇರುತ್ತೀರಾ ಅಂತ ಕೇಳಿದೆ. ‘ನಿನಗ್ಯಾಕಮ್ಮಾ ಜೊತೆ? ನಾವೆಲ್ಲ ಒಬ್ಬೊಬ್ಬರೇ ಮೂರು ಮೂರು ಸಾಕಲಿಲ್ವಾ?’ ಅಂದರು. ಅವರು ಕೆಟ್ಟವರಲ್ಲ. ತಮಗೆ ಯಾರೂ ಮಾಡದ್ದನ್ನು ಇನ್ನೊಬ್ಬರಿಗೆ ಮಾಡಬೇಕೆಂದು ಅವರಿಗೆ ಹೊಳೆಯುವುದಿಲ್ಲ, ಅಷ್ಟೇ.

ಇವರ ತಯಾರಿ ಜೋರಾಗಿದೆ. ಹೊಸ ಬೂಟು ಕಚ್ಚಬಾರದೆಂದು ಮನೆಯೊಳಗೆ ಹಾಕಿಕೊಂಡು ಓಡಾಡುತ್ತಾರೆ. ಕೋಣೆಯಿಂದ ಅಡುಗೆಮನೆಗೆ ಟಕ್ ಟಕ್, ಅಡುಗೆಮನೆಯಿಂದ ಬಾಲ್ಕನಿಗೆ ಟಕ್ ಟಕ್. ನಾನು ಅರ್ಧ ಗಂಟೆ ತೂಗಿ ಮಲಗಿಸಿದ್ದನ್ನು ಆ ಬೂಟು ಆರು ಹೆಜ್ಜೆಯಲ್ಲಿ ಎಬ್ಬಿಸುತ್ತದೆ. ಬೆಳಿಗ್ಗೆ ಚೀಲಕ್ಕೆ ನೀರಿನ ಕ್ಯಾನುಗಳನ್ನು ತುಂಬಿಕೊಂಡು ನಮ್ಮ ಕಟ್ಟಡದ ಎಂಟು ಮಹಡಿ ಹತ್ತಿ ಇಳಿಯುತ್ತಾರೆ. ಇವರಂಥ ಲಿಫ್ಟ್ ಕಂಪನಿಯ ಸೂಪರ್‌ವೈಸರು ಮೆಟ್ಟಿಲು ಹತ್ತುತ್ತಿದ್ದಾರೆ, ಲಿಫ್ಟ್ ಕೆಟ್ಟಿದೆ ಅಂತ ಅರ್ಥ ಅಂದುಕೊಂಡು ಮೂರನೆಯ ಮಹಡಿಯ ಮುದುಕರು ಎರಡು ದಿನ ಪೇಪರ್ ತರಲು ಕೆಳಗೇ ಇಳಿಯಲಿಲ್ಲ. ಇದನ್ನು ನಿನಗೆ ಹೇಳಿ ನಗಬೇಕು ಅಂತಲೇ ಇಟ್ಟುಕೊಂಡಿದ್ದೆ, ಈಗ ಬರೆಯುವಾಗ ನಗು ಬರುತ್ತಿಲ್ಲ. ಚೀಲ ಹದಿನಾಲ್ಕು ಕಿಲೋ. ಪುಟ್ಟಿ ಎಂಟೂವರೆ. ಹದಿನಾಲ್ಕು ಕಿಲೋ ಹೊತ್ತು ದಿನಾ ಎಂಟು ಮಹಡಿ ಹತ್ತುವ ಮನುಷ್ಯರಿಗೆ ಎಂಟೂವರೆ ಕಿಲೋ ಎತ್ತಿಕೊಂಡರೆ ಹತ್ತು ನಿಮಿಷಕ್ಕೆ ಬೆನ್ನು ಹಿಡಿದುಕೊಳ್ಳುತ್ತದೆ.

ನಿನಗೆ ಆ ಆಟ ನೆನಪಿದೆಯಾ? ಕ್ಯಾಲೆಂಡರಿನಿಂದ ಹರಿದ ಪಾರ್ಕಿನ ಚಿತ್ರವನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಮನೆಯೊಳಗೇ ಐದು ದಿನ ನಡೆಸುತ್ತಿದ್ದೆ ನೀನು. ಚಾಪೆ ಹುಲ್ಲುಗಾವಲು, ಮೇಜಿನ ಕೆಳಗೆ ಕಾಡು, ಮೆಟ್ಟಿಲು ಬಂಡೆಯ ಏಣು, ಸ್ನಾನದ ಕೋಣೆ ಸರೋವರ, ಕೊನೆಗೆ ಅಮ್ಮನ ಹಾಸಿಗೆಯ ನೀಲಿ ಹೊದಿಕೆ ಸಮುದ್ರ. ನಿನ್ನ ಕೈಯಲ್ಲಿ ಅಡಿಪಟ್ಟಿ, ನನ್ನ ಬೆನ್ನ ಮೇಲೆ ಇಬ್ಬರ ಪುಸ್ತಕದ ಚೀಲ. ಸುಸ್ತಾಯ್ತು ಅಂದರೆ ‘ನಾಯಕರು ಹೇಳೋ ತನಕ ಯಾರೂ ಕೂತ್ಕೋಬಾರದು’ ಅಂತ ಗದರುತ್ತಿದ್ದೆ. ಆ ಆಟದ ಹುಚ್ಚಿನಿಂದಲೇ ನಾನು ಭೂಗೋಳ ಓದಿದ್ದು, ಸರ್ವೆ ಆಫೀಸಿನ ನಕ್ಷೆ ವಿಭಾಗಕ್ಕೆ ಸೇರಿದ್ದು. ನೀನು ಓಡುವುದನ್ನು ಕಲಿಸಲು ಹೋದೆ, ನಾನು ಬೇರೆಯವರು ನಡೆಯುವ ದಾರಿ ಬರೆಯಲು ಕೂತೆ.

ನೀವು ನಡೆಯಲಿರುವ ದಾರಿಯನ್ನೂ ನಾನೇ ಬರೆದದ್ದು, ಆ ನಕ್ಷೆ ಈಗ ಇವರ ಚೀಲದ ಮೇಲಿನ ಜೇಬಿನಲ್ಲಿದೆ. ಮೊದಲ ದಿನ ತಲೆಯ ಮೇಲೆ ಬೆಳೆದ ಹುಲ್ಲಿನ ಬಯಲು. ಅಲ್ಲಿ ಎದುರಿಗಿರುವುದು ಕಾಣುವುದಿಲ್ಲ, ಮೇಲೆ ಆಕಾಶ ಒಂದೇ. ಎರಡನೆಯ ದಿನ ಎತ್ತರದ ಮರಗಳ ಕಾಡು, ಹೊಳೆಯನ್ನು ಮೂರು ಸಲ ದಾಟಬೇಕು, ಮೂರನೆಯ ಸಲ ದಾಟುವಲ್ಲಿ ಹಗ್ಗ ಕಟ್ಟಿದ್ದಾರೆ. ಮೂರನೆಯ ದಿನ ಕಪ್ಪು ಬಂಡೆಯ ಏಣು, ಬೆಟ್ಟದ ಬೆನ್ನಿನ ಮೇಲೆಯೇ ಹದಿನಾಲ್ಕು ಕಿಲೋಮೀಟರು, ಒಂದು ಗಿಡದ ನೆರಳಿಲ್ಲ. ನಾಲ್ಕನೆಯ ದಿನ ಸರೋವರ ಮತ್ತು ಅದರಾಚೆಯ ಜೌಗು. ಮರದ ಹಲಗೆ ಹಾಸಿದ ದಾರಿ ಬಿಟ್ಟು ಕಾಲಿಟ್ಟರೆ ಮೊಣಕಾಲಿನವರೆಗೆ ಕೆಸರು. ಐದನೆಯ ದಿನ ಮರಳಿನ ದಿಬ್ಬಗಳು, ಕೊನೆಯ ದಿಬ್ಬ ಹತ್ತಿದರೆ ಒಮ್ಮೆಗೇ ಸಮುದ್ರ. ಒಂದೇ ಒಂದು ಸಲ ಕಾಲಿಡದ ಈ ದಾರಿಯ ಒಂದೊಂದು ತಿರುವೂ ನನಗೆ ಗೊತ್ತು. ನಿಮ್ಮ ಗಣಿತದ ಗಡಿಯಾರ ಮೇಡಂಗೆ ಹೇಳು, ಹುಲ್ಲಿನ ಬಯಲಿನಲ್ಲಿ ಕೈಗಡಿಯಾರ ನೋಡುತ್ತ ನಡೆದರೆ ದಾರಿ ತಪ್ಪುತ್ತಾರೆ.

ಈಗ ಹೇಳಬೇಕೋ ಬೇಡವೋ ಅಂತ ನಿನ್ನೆಯಿಂದ ಒದ್ದಾಡುತ್ತಿರುವ ವಿಷಯ. ಮೊನ್ನೆ ಭಾನುವಾರ ಇವರು ನಕ್ಷೆಯನ್ನು ಮೇಜಿನ ಮೇಲೆ ಹರಡಿ ದಿನದಿನದ ಲೆಕ್ಕ ಹಾಕುತ್ತಿದ್ದಾಗ ನಾನು ಸುಮ್ಮನೆ ಟ್ರಂಕಿನಿಂದ, ನಾನು ನೋಡಿ ಬರೆದ ಸರ್ವೆಯ ಮೂಲ ಹಾಳೆಯನ್ನು ತೆಗೆದು ಹೋಲಿಸಿ ನೋಡಿದೆ. ನಮ್ಮ ವಿಭಾಗದಲ್ಲಿ ಒಂದು ಕಟ್ಟುನಿಟ್ಟಿದೆ, ನಿನಗೆ ಹಿಂದೆಯೇ ಹೇಳಿದ್ದೆ: ಪ್ರತಿ ಹಾಳೆಯ ಮೂಲೆಯಲ್ಲಿ ಎರಡು ಸಹಿ ಬೀಳಬೇಕು, ‘ಬರೆದವರು’ ಒಬ್ಬರು, ‘ನೋಡಿದವರು’ ಇನ್ನೊಬ್ಬರು. ಎರಡೂ ಒಂದೇ ಕೈಯಾಗುವಂತಿಲ್ಲ. ನಮ್ಮ ಹಿರಿಯ ನಕ್ಷೆಗಾರರು ಹೇಳುತ್ತಾರೆ, ‘ಬರೆದ ಕಣ್ಣಿಗೆ ತಪ್ಪು ಕಾಣಲ್ಲಮ್ಮಾ, ಅದು ಬರೆದಿದ್ದನ್ನ ನೋಡಲ್ಲ, ಬರೀಬೇಕು ಅಂದ್ಕೊಂಡಿದ್ದನ್ನ ನೋಡುತ್ತೆ.’ ನಮ್ಮ ದಾರಿಯ ನಕ್ಷೆಯನ್ನು ನಾನು ಬರೆದದ್ದು ಹೋದ ಮಾರ್ಚಿನಲ್ಲಿ, ಎಂಟು ತಿಂಗಳ ಬಸುರಿ. ಹೊಟ್ಟೆ ಮೇಜಿಗೆ ತಾಗಿ ಹಾಳೆಯ ಮೇಲಂಚು ಕೈಗೆ ಎಟುಕುತ್ತಿರಲಿಲ್ಲ; ಮೇಲಿನ ಭಾಗವನ್ನೆಲ್ಲ ಪಕ್ಕಕ್ಕೆ ತಿರುಗಿ ನಿಂತು, ಓರೆಯಾಗಿ ಬರೆದೆ. ಮೇಲಿನ ಭಾಗ ಅಂದರೆ ಮೂರನೆಯ ದಿನ. ನೀನು ಆ ವಾರ ನನ್ನನ್ನು ನೋಡಲು ಬಂದಿದ್ದೆ. ನೋಡಿದವರ ಜಾಗದಲ್ಲಿ ಸಹಿ ಮಾಡು ಅಂತ ಹಾಳೆ ಕೊಟ್ಟೆ. ಹಾಳೆಯ ಕಡೆ ತಿರುಗಿಯೂ ನೋಡದೆ, ನನ್ನ ಹೊಟ್ಟೆಯ ಮೇಲೊಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಸಹಿ ಗೀಚಿದೆ. ‘ನೀನು ಬರೆದಿದ್ದನ್ನ ನಾನೇನೇ ನೋಡೋದು’ ಅಂದೆ. ಆಗ ನನಗೆ ಅದು ಪ್ರೀತಿ ಅನ್ನಿಸಿತ್ತು.

ಮೂರನೆಯ ದಿನದ ಬಿಡಾರದ ಪಕ್ಕ ಒಂದು ಹಳ್ಳವಿದೆ. ಮೂಲ ಹಾಳೆಯಲ್ಲಿ ಅದು ತುಂಡುತುಂಡಾದ ನೀಲಿ ಗೆರೆ, ಮಳೆಗಾಲ ಮುಗಿದ ಮೇಲೆ ಎರಡು ಮೂರು ತಿಂಗಳು ಮಾತ್ರ ಹರಿಯುವ ಹಳ್ಳ ಅಂತ ಅರ್ಥ. ನನ್ನ ನಕ್ಷೆಯಲ್ಲಿ ಅಖಂಡ ಗೆರೆ, ವರ್ಷವಿಡೀ ನೀರು. ಅಕ್ಟೋಬರಿನಲ್ಲಿ ಹೋಗಿದ್ದರೆ ಈ ತಪ್ಪು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ, ಹಳ್ಳ ತುಂಬಿರುತ್ತಿತ್ತು. ಮಾರ್ಚ್ ಕೊನೆಗೆ ಅಲ್ಲಿ ಕಲ್ಲು ಬಿಟ್ಟರೆ ಏನೂ ಇರುವುದಿಲ್ಲ. ಹದಿನಾಲ್ಕು ಕಿಲೋಮೀಟರು ಬಿಸಿಲಲ್ಲಿ ನಡೆದು, ಖಾಲಿ ಬಾಟಲಿ ಹಿಡಿದು ನೀವು ಮೂವರೂ ಒಣ ಕಲ್ಲುಗಳ ಮುಂದೆ ನಿಲ್ಲುತ್ತೀರಿ.

ನೋಡಿದ ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಭಾನುವಾರ ಇಡೀ ಮಧ್ಯಾಹ್ನ ಹೇಳಲಿಲ್ಲ. ಸೋಮವಾರ ನಿನಗೆ ಈ ಕಾಗದ ಶುರು ಮಾಡಿದಾಗಲೂ ಹೇಳಲಿಲ್ಲ, ಮೇಲೆ ಓದಿ ನೋಡು, ಒಂದಕ್ಷರ ಇಲ್ಲ. ಹಾಳೆಯನ್ನು ಮಡಿಸಿ ಟ್ರಂಕಿಗೆ ಹಾಕಿ, ಹೋಗಿ ಬಟ್ಟೆ ಒಣಗಿಸಿದೆ. ಮೂವರೂ ಬಾಯಾರಿ ನಿಂತಿರುವುದನ್ನು ಒಂದು ಕ್ಷಣ ಮನಸ್ಸಿನಲ್ಲಿ ನೋಡಿದೆ ಅಕ್ಕಾ, ಆಗ ನನಗೆ ಭಯವಾಗಲಿಲ್ಲ. ಭಯವಾದದ್ದು ಆಮೇಲೆ, ಭಯವಾಗಲಿಲ್ಲವಲ್ಲ ಅಂತ.

ಗುರುವಾರ, ಮಧ್ಯಾಹ್ನ

ನಿನ್ನೆ ಸಂಜೆ ಇವರಿಗೆ ಹೇಳಿದೆ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಬಗ್ಗಿ ನೋಡಿದರು. ‘ನಿದ್ದೆ ಇಲ್ಲದೆ ನಿನಗೆ ಎಲ್ಲ ಗೆರೆನೂ ತುಂಡುತುಂಡಾಗಿ ಕಾಣ್ತಿದೆ’ ಅಂದರು. ಬೈಯಲಿಲ್ಲ, ಮೆಲ್ಲಗೆ, ತಲೆ ಸವರುತ್ತಾ ಅಂದರು. ಆಮೇಲೆ ‘ಹೋಗ್ಲಿ ಬಿಡು, ಎರಡು ಬಾಟಲಿ ಜಾಸ್ತಿ ಇಟ್ಕೊಳ್ತೀವಿ’ ಅಂತ ಬೂಟಿನ ದಾರ ಬಿಚ್ಚತೊಡಗಿದರು. ಎಂಟು ವರ್ಷ ನೀಲಿ ಗೆರೆ ಬರೆದು ಸಂಬಳ ತಗೊಂಡವಳು ನಾನು. ಒಂಬತ್ತು ತಿಂಗಳ ಜಾಗರಣೆ ಆ ಎಂಟು ವರ್ಷವನ್ನು ನುಂಗಿ ನೀರು ಕುಡಿಯಿತು. ಇನ್ನು ಮೇಲೆ ನಾನು ಏನು ಹೇಳಿದರೂ ಅದು ನಿದ್ದೆಗೇಡಿಯ ಮಾತು, ಸರಿಯಿದ್ದರೂ, ತಪ್ಪಿದ್ದರೂ.

ಅದಕ್ಕೆ ನಿನಗೇ ಬರೆಯುತ್ತಿದ್ದೇನೆ, ದಯವಿಟ್ಟು ಇದನ್ನಾದರೂ ತಿರುಗಿ ನೋಡು. ಮೂರನೆಯ ದಿನ ಆ ಹಳ್ಳದ ಬಿಡಾರದಲ್ಲಿ ನಿಲ್ಲಬೇಡಿ. ಅಲ್ಲಿಂದ ಎರಡೂವರೆ ಕಿಲೋಮೀಟರು ಕೆಳಗೆ, ಸರೋವರದ ದಂಡೆಯಲ್ಲಿ ಇನ್ನೊಂದು ಗೊತ್ತುಮಾಡಿದ ಬಿಡಾರವಿದೆ, ಅಲ್ಲಿ ಎಲ್ಲ ಕಾಲದಲ್ಲೂ ನೀರಿದೆ. ಬೆಳಿಗ್ಗೆ ಒಂದು ಗಂಟೆ ಮುಂಚೆ ಹೊರಡಿ. ಎರಡನೆಯ ದಿನದ ಹೊಳೆಯಿಂದ ತಲಾ ಆರು ಲೀಟರು ತುಂಬಿಕೊಳ್ಳಿ. ನಿನ್ನ ಪಾಲಿನದನ್ನೂ ಇವರಿಗೇ ಹೊರಿಸು, ಎಂಟು ಮಹಡಿಯ ಅಭ್ಯಾಸವಿದೆ. ಸರೋವರದ ಕಡೆ ಇಳಿಜಾರು ಕಡಿದಾಗಿದೆ, ಕೋಲು ಎರಡು ಬೇಕು, ಎಡಗಾಲನ್ನು ಮೊದಲು ಇಳಿಸು, ಬಲಗಾಲಿನ ಮೇಲೆ ಭಾರ ಬಿಡು. ಇಷ್ಟು ಮಾಡಿದರೆ ಏನೂ ಆಗುವುದಿಲ್ಲ.

ಇನ್ನೊಂದು ನಿಜವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇಷ್ಟುದ್ದ ಬರೆದದ್ದು ಬರೀ ದೂರಾಗುತ್ತದೆ. ‘ಮಾರ್ಚಲ್ಲಿ ಹೋಗ್ತೀವಿ, ಬರ್ತೀಯಾ?’ ಅಂತ ನೀನು ಕೇಳಿದ್ದರೆ ನಾನು ಬರುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಪುಟ್ಟಿಯನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು ಹಾಲು ಕಾಯಿಸಲು ಹೋದರೆ ಉಕ್ಕುವ ಮೊದಲೇ ಒಲೆ ಆರಿಸಿ ಓಡಿ ಬರುತ್ತೇನೆ. ಐದು ದಿನ ಅವಳನ್ನು ಬಿಟ್ಟು ಬರುವುದು ಹೇಗೆ? ಬಹುಶಃ ಒಂದು ವಾರ ಯೋಚಿಸಿ, ಅತ್ತು, ‘ಇಲ್ಲಕ್ಕಾ, ಆಗಲ್ಲ, ನೀನು ಇವರನ್ನೇ ಕರ್ಕೊಂಡು ಹೋಗು’ ಅಂತ ನಾನೇ ಹೇಳುತ್ತಿದ್ದೆ. ಆಗ ಹೆಸರು ಬಿಟ್ಟುಕೊಡುವವಳು ನಾನಾಗಿರುತ್ತಿದ್ದೆ. ನಿನಗೆ ಮಂಡಿ ನೋವು ಇತ್ತು, ನನಗೆ ಹೇಳಲಿಲ್ಲ. ಅವಸರ ಇತ್ತು, ಹೇಳಲಿಲ್ಲ. ‘ಫೋನು ಅವಳಿಗೆ ಕೊಡಿ’ ಅನ್ನುವ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಇವರಿಗೆ ತಿಳಿಯಲಿಲ್ಲ ಅಂದರೆ ಒಪ್ಪುತ್ತೇನೆ, ಇವರಿಗೆ ಮೂರು ವರ್ಷದ ಪರಿಚಯ. ನಿನಗೆ ನಾನು ಹುಟ್ಟಿದ ದಿನದಿಂದ ಗೊತ್ತಲ್ಲ.

ಇಷ್ಟೆಲ್ಲ ಬರೆದ ಮೇಲೆ ಮನಸ್ಸು ಸ್ವಲ್ಪ ಹಗುರವಾಗಿದೆ. ನಿನಗೆ ಇದೇ ಕೊನೆಯ ಸಲ ಇರಬಹುದು ಅನ್ನುವುದನ್ನು ನಾನು ಮರೆತಿಲ್ಲ. ಮೂವತ್ತೆಂಟಕ್ಕೆ ಕುರ್ಚಿಯಲ್ಲಿ ಕೂತು ಸೀಟಿ ಊದುವ ನಿನ್ನನ್ನು ನೆನೆಸಿಕೊಂಡರೆ ಸಿಟ್ಟು ನಿಲ್ಲುವುದಿಲ್ಲ. ನಾಳೆ ಮಧ್ಯಾಹ್ನ ಪುಟ್ಟಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿನ ಆಫೀಸಿಗೆ ಹೋಗಿ ಸಹಿ ಮಾಡಿ ಕೊಟ್ಟು ಬರುತ್ತೇನೆ. ನಮ್ಮ ಮನೆಯಿಂದ ಎರಡೇ ರಸ್ತೆ. ನೀವು ಹೋಗಿ ಬನ್ನಿ. ಕೊನೆಯ ದಿಬ್ಬ ಹತ್ತುವಾಗ ಗಡಿಯಾರ ಮೇಡಂಗಿಂತ, ಇವರಿಗಿಂತ ನೀನೇ ಮುಂದೆ ಇರು, ಸಮುದ್ರವನ್ನು ಮೊದಲು ನೋಡುವವಳು ನೀನೇ ಆಗಬೇಕು. ಹೇಗಿತ್ತು ಅಂತ ಬಂದು ಹೇಳುವುದು ಬೇಡ. ಸ್ವಲ್ಪ ದಿನ ಬೇಡ.

ಮಂಡಿ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮೈದಾನದ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ಗಡಿಯಾರ ಮೇಡಂಗೆ ನನ್ನ ನಮಸ್ಕಾರ. ಪುಟ್ಟಿಯ ಕಡೆಯಿಂದ ದೊಡ್ಡಮ್ಮನಿಗೆ ಎರಡು ಹಲ್ಲಿನ ಗುರುತು ಈ ಹಾಳೆಯ ಬಲಮೂಲೆಯಲ್ಲಿದೆ, ನಾನು ನೋಡುವಷ್ಟರಲ್ಲಿ ಕಚ್ಚಿಬಿಟ್ಟಿದ್ದಳು.

ಇಂತಿ,
ನಿನ್ನ ತಂಗಿ

ಮತ್ತೊಂದು ಮಾತು: ಶುಕ್ರವಾರ, ಐದೂಕಾಲು. ಬೇಗ ಬೇಗ ಬರೆಯುತ್ತಿದ್ದೇನೆ, ಇವರು ಆರಕ್ಕೆ ಬರುತ್ತಾರೆ. ನಾಲ್ಕು ಗಂಟೆಗೆ ಪಾರ್ಕಿನ ಆಫೀಸಿಗೆ ಹೋದೆ. ಕಿಟಕಿಯ ಹಿಂದೆ ಕನ್ನಡಕದ ಹೆಂಗಸು ಒಬ್ಬರಿದ್ದರು. ನನ್ನ ಸಹಿ ನೋಡಿ, ಪತ್ರ ತಿರುಗಿಸಿ, ಹಿಂದೆ ಇನ್ನೊಂದು ಸಾಲಿದೆ ಅಂದರು: ನಾಯಕರು ಹಿಂದೆ ಸರಿಯಲು ಕಾರಣ, ನಾಯಕರ ಸ್ವಂತ ಕೈಯಲ್ಲಿ. ನಾನು ಅದನ್ನು ನೋಡಿಯೇ ಇರಲಿಲ್ಲ. ಇವರು ಅಲ್ಲೂ ಪೆನ್ಸಿಲಿನಲ್ಲಿ ತೆಳುವಾಗಿ ಬರೆದಿಟ್ಟಿದ್ದರು, ‘ಸ್ವಇಚ್ಛೆ’. ನಾನು ಅದರ ಮೇಲೆ ಪೆನ್ನು ತೀಡಿದರೆ ಆಯಿತು. ‘ಮಗು ಇದೆ ಅಂತ ಬರೀಲಾ?’ ಅಂತ ಕೇಳಿದೆ. ‘ಮಗು ಇರೋರಿಗೆ ಒಂದು ವರ್ಷ ಮುಂದೂಡಿಕೆ ಇದೆ, ಅದನ್ನ ನೀವು ಆಗ್ಲೇ ತಗೊಂಡಿದ್ದೀರಿ ಮೇಡಂ. ಎಲ್ಲರೂ ಸ್ವಇಚ್ಛೆ ಅಂತಾನೇ ಬರೀತಾರೆ. ಬರೆದ್ಬಿಡಿ, ಹಿಂದೆ ಜನ ಇದ್ದಾರೆ.’ ಪೆನ್ನು ಇಟ್ಟೆ. ಮೊದಲ ಅಕ್ಷರ ತೀಡಿದೆ. ಮುಂದಕ್ಕೆ ಕೈ ಹೋಗಲಿಲ್ಲ ಅಕ್ಕಾ. ಈ ನಾಲ್ಕು ದಿನ ನಾನು ಬರೆದ ಯಾವ ಮಾತೂ ಅಲ್ಲಿ ಹಿಡಿಸುವಂತಿರಲಿಲ್ಲ, ಅಲ್ಲಿ ಹಿಡಿಸುವ ಒಂದೇ ಮಾತು ಸುಳ್ಳಾಗಿತ್ತು. ಬೇರೆ ದಾರಿ ಏನಿದೆ ಅಂತ ಕೇಳಿದೆ. ಹಳದಿ ಚೀಟಿಯೊಂದನ್ನು ತಳ್ಳಿದರು. ಅನುಮತಿ ರದ್ದು. ‘ಯೋಚನೆ ಮಾಡಿದ್ದೀರಾ? ಇನ್ನೊಂದು ಸಲ ಚೀಟಿ ಬರೋದು ಯಾವ ಕಾಲಕ್ಕೋ’ ಅಂದರು. ಚೀಟಿಯ ಹಿಂದೆ ಮುಂದೆ ನೋಡಿದೆ. ರದ್ದು ಮಾಡುವುದಕ್ಕೆ ಕಾರಣ ಕೇಳುವುದಿಲ್ಲ. ಒಂದು ಸಹಿ, ಒಂದು ಮುದ್ರೆ, ಮುಗಿಯಿತು.

ಹಳ್ಳದಲ್ಲಿ ನೀರಿಲ್ಲ, ಅದಕ್ಕೇ ರದ್ದು ಮಾಡಿದೆ ಅಂತ ಇವರಿಗೆ ಹೇಳಬಹುದು. ನಿದ್ದೆಗೇಡಿಯ ಮಾತು ಅಂತ ಬಿಟ್ಟುಬಿಡುತ್ತಾರೆ. ನಿನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಸರೋವರದ ದಂಡೆಯ ಬಿಡಾರವನ್ನು ನಾನೇ ಮೇಲೆ ಬರೆದಿದ್ದೇನಲ್ಲ. ನೀನು ಮತ್ತೆಂದೂ ಆ ದಾರಿ ನಡೆಯಲಾರೆ ಅನ್ನುವುದು ಸಹಿ ಮಾಡುವಾಗ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.